ಅರ್ಧಕ್ಕೆ ನಿಲ್ಸೋರು ಯಾರು, ಎತ್ತಂಗಡಿ ಮಾಡೋರು ಯಾರು: ಅಮೆರಿಕದಲ್ಲಿ ಯಾವ ಸ್ಟ್ರೀಮಿಂಗ್‌ಗೆ ದುಡ್ಡು ಕಟ್ಟೋದು?

ಯುಗಾದಿ ಊಟಕ್ಕೆ ಅಂತ ಕನ್ನಡ ಕೂಟದವ್ರೆಲ್ಲ ಸೇರಿದ್ವಿ, ಒಬ್ಬಟ್ಟಿನ ಲೈನಲ್ಲಿ ನಿಂತಿದ್ದಾಗ ಬೆಂಗಳೂರಿಂದ ಹೊಸದಾಗಿ ನ್ಯೂಜೆರ್ಸಿಗೆ ಬಂದಿರೋ ಹುಡುಗ ಒಬ್ಬ ಕೇಳ್ದ, "ಅಣ್ಣಾ, ಇಲ್ಲಿ ನೆಟ್‌ಫ್ಲಿಕ್ಸು, ಎಚ್‌ಬಿಒ, ಡಿಸ್ನಿ, ಆಪಲ್ಲು ನಾಲ್ಕೂ ಆಡ್ ಇಲ್ದೆ ತಗೊಂಡ್ರೆ ತಿಂಗಳಿಗೆ ಎಪ್ಪತ್ತು ಡಾಲರ್ ಹತ್ರ ಹೋಗುತ್ತಲ್ಲ, ಒಂದೋ ಎರಡೋ ಇಟ್ಕೊಳ್ಳೋದಾದ್ರೆ ಯಾವ್ದು?" ಅಂತ. ಸುತ್ತ ಇದ್ದೋರೆಲ್ಲ ಅವರವರ ಇಷ್ಟದ ಶೋ ಹೆಸರು ಹೇಳೋಕೆ ಶುರು ಮಾಡಿದ್ರು. ನಾನು ಮಾತ್ರ ಅವನಿಗೆ ತಿರುಗಿ ಒಂದು ಪ್ರಶ್ನೆ ಕೇಳ್ದೆ: ನೀನು ಇಷ್ಟಪಟ್ಟು ನೋಡ್ತಿರೋ ಕಥೆ ಅರ್ಧಕ್ಕೆ ನಿಂತೋದ್ರೆ ಜಾಸ್ತಿ ಹೊಟ್ಟೆ ಉರಿಯುತ್ತಾ, ಇಲ್ಲಾ ನಿನ್ನೆ ಇದ್ದ ಶೋ ಇವತ್ತು ಹುಡುಕಿದ್ರೆ ಸಿಗದೇ ಇದ್ರೆ ಜಾಸ್ತಿ ಉರಿಯುತ್ತಾ?

ಅವನು ನಕ್ಕ. ಆದ್ರೆ ನಾನು ಸೀರಿಯಸ್ಸಾಗೇ ಕೇಳಿದ್ದು. ಯಾಕಂದ್ರೆ ನಾನು ಒಂದ್ಸಲ ಒಂದು ಸರ್ವಿಸ್‌ಗೆ ಡಿಸ್ಕೌಂಟ್ ಸಿಗುತ್ತೆ ಅಂತ ವರ್ಷದ ದುಡ್ಡು ಒಟ್ಟಿಗೆ ಕಟ್ಟಿ, ಒಂದು ಸೀರೀಸ್ ಐದನೇ ಎಪಿಸೋಡ್‌ವರೆಗೂ ನೋಡಿ, ಶನಿವಾರ ರಾತ್ರಿ ಮಕ್ಕಳನ್ನ ಮಲಗಿಸಿ ಚುರುಮುರಿ ಕಲಸ್ಕೊಂಡು ಬಂದು ಕೂತು ಟಿವಿ ಹಾಕಿದ್ರೆ ಶೋನೇ ಇಲ್ಲ, ಸರ್ಚ್ ಮಾಡಿದ್ರೆ "ನಿಮಗೆ ಇದು ಇಷ್ಟ ಆಗಬಹುದು" ಅಂತ ಅಡುಗೆ ಕಾರ್ಯಕ್ರಮ ತೋರಿಸ್ತು. ನನ್ನ ಹೆಂಡ್ತಿ "ಕನಸಲ್ಲಿ ನೋಡಿದ್ಯೇನೋ" ಅಂದ್ಲು. ಅವತ್ತಿಂದ ನಾನು ಸ್ಟ್ರೀಮಿಂಗ್‌ನ ಇನ್ನೊಂದೇ ಕಣ್ಣಲ್ಲಿ ನೋಡೋದು.

ಮೊದ್ಲು ಒಂದು ವಿಷಯ ಕ್ಲಿಯರ್ ಮಾಡ್ಕೊಳ್ಳಿ, ಎಲ್ಲರೂ "ಕ್ಯಾನ್ಸಲ್ ಮಾಡಿಬಿಟ್ರು" ಅಂತ ಒಂದೇ ಮಾತಲ್ಲಿ ಹೇಳ್ತಾರೆ, ಆದ್ರೆ ಕಾಯಿಲೆ ಎರಡು. ಒಂದು ಅರ್ಧಕ್ಕೆ ನಿಲ್ಸೋದು, ಅಂದ್ರೆ ಮುಂದಿನ ಸೀಸನ್ ಮಾಡಲ್ಲ, ಆದ್ರೆ ಮಾಡಿರೋದು ಅಲ್ಲೇ ಬಿದ್ದಿರುತ್ತೆ, ಯಕ್ಷಗಾನ ನೋಡ್ತಾ ಇರೋವಾಗ ರಾತ್ರಿ ಎರಡು ಗಂಟೆಗೆ ಭಾಗವತರು ಮಂಗಳ ಹಾಡದೇನೇ ತಾಳ ಕೆಳಗಿಟ್ಟು ಎದ್ದುಹೋದಂಗೆ. ಇನ್ನೊಂದು ಎತ್ತಂಗಡಿ, ಮಾಡಿ ಮುಗಿಸಿ ತೋರಿಸಿದ್ದನ್ನೂ ಆಪ್‌ನಿಂದಲೇ ತೆಗೆದುಬಿಡೋದು. ಯಾವ ಕಂಪನಿಗೆ ಯಾವ ಕಾಯಿಲೆ ಜಾಸ್ತಿ ಅನ್ನೋದು ಗೊತ್ತಾದ್ರೆ ಆಯ್ಕೆ ಅರ್ಧ ಮುಗ್ದಂಗೆ.

ಇದೆಲ್ಲ ಜೋರಾಗಿದ್ದು ಹೆಚ್ಚುಕಮ್ಮಿ 2022ರಲ್ಲಿ. ಅಲ್ಲಿವರೆಗೂ ಎಲ್ಲಾ ಕಂಪನಿಗಳೂ ಲಾಭ ಆಮೇಲೆ ನೋಡ್ಕೊಳ್ಳೋಣ, ಮೊದ್ಲು ಜನ ಬರ್ಲಿ ಅಂತ ದುಡ್ಡು ನೀರಿನ ಥರ ಸುರೀತಿದ್ವು. 2022ರ ಏಪ್ರಿಲ್‌ನಲ್ಲಿ ನೆಟ್‌ಫ್ಲಿಕ್ಸ್‌ನವರು ಮೂರು ತಿಂಗಳಲ್ಲಿ 2 ಲಕ್ಷ ಚಂದಾದಾರರು ಕಮ್ಮಿ ಆದ್ರು ಅಂತ ಬಾಯಿಬಿಟ್ಟಿದ್ದೇ ತಡ ಒಂದೇ ದಿನದಲ್ಲಿ ಅವರ ಷೇರು 35 ಪರ್ಸೆಂಟ್ ಬಿತ್ತು, ಅದರ ಮುಂದಿನ ಮೂರು ತಿಂಗಳಲ್ಲಿ ಇನ್ನೂ 9.7 ಲಕ್ಷ ಜನ ಹೋದ್ರು. ಅವತ್ತಿಂದ ವಾಲ್ ಸ್ಟ್ರೀಟ್‌ನವರು "ಎಷ್ಟು ಜನ ಇದಾರೆ" ಅಂತ ಕೇಳೋದು ಬಿಟ್ಟು "ಎಷ್ಟು ಲಾಭ" ಅಂತ ಕೇಳೋಕೆ ಶುರು ಮಾಡಿದ್ರು. ಎಫ್‌ಎಕ್ಸ್ ಚಾನಲ್‌ನವರು ವರ್ಷಾವರ್ಷ ಒಂದು ಲೆಕ್ಕ ಇಡೋರು, 2022ರಲ್ಲಿ ಅಮೆರಿಕದಲ್ಲಿ 599 ಸ್ಕ್ರಿಪ್ಟೆಡ್ ಸೀರೀಸ್, ಅಂದ್ರೆ ಕಥೆ ಬರೆದು ಮಾಡೋವು, ಬಂದಿದ್ವು, 2023ಕ್ಕೆ 516ಕ್ಕೆ ಇಳೀತು. ಆ ವರ್ಷ ಬರಹಗಾರರು 148 ದಿನ, ನಟನಟಿಯರು 118 ದಿನ ಮುಷ್ಕರ ಮಾಡಿದ್ದೂ ಇದೆ ಅದ್ರಲ್ಲಿ.

ನೆಟ್‌ಫ್ಲಿಕ್ಸ್‌ದು ಮೊದಲನೇ ಕಾಯಿಲೆ. 1899 ಅನ್ನೋ ಸೀರೀಸ್ 2022ರ ನವೆಂಬರ್ 17ಕ್ಕೆ ಬಂತು, ಡಾರ್ಕ್ ಅನ್ನೋ ಸೀರೀಸ್ ಮಾಡಿದ ಜರ್ಮನ್ ಜೋಡಿಯೇ ಮಾಡಿದ್ದು, ಮೂರು ಸೀಸನ್ ಅಂತ ಪ್ಲಾನ್ ಹಾಕ್ಕೊಂಡಿದ್ರು, ಎಷ್ಟೋ ದೇಶಗಳಲ್ಲಿ ಟಾಪ್ ಟೆನ್‌ನಲ್ಲೂ ಇತ್ತು, 2023ರ ಜನವರಿ 2ಕ್ಕೆ ಮುಗೀತು ಅಂತ ಹೇಳಿಬಿಟ್ರು. ಹೊಸ ವರ್ಷದ ಕೇಕ್ ಇನ್ನೂ ಫ್ರಿಜ್‌ನಲ್ಲಿತ್ತು. ದಿ ಒಎ ಎರಡು ಸೀಸನ್ ಆದ್ಮೇಲೆ 2019ರಲ್ಲಿ ಬಾವಿ ಅಂಚಲ್ಲಿ ನಿಲ್ಲಿಸಿ ಹೋದಂಗೆ ನಿಂತೋಯ್ತು. ಗ್ಲೋಗೆ ನಾಲ್ಕನೇ ಸೀಸನ್ ಕೊಡ್ತೀವಿ ಅಂತ ಹೇಳಿ 2020ರಲ್ಲಿ ಕೋವಿಡ್ ಕಾರಣ ಕೊಟ್ಟು ವಾಪಸ್ ತಗೊಂಡ್ರು. ಸೆನ್ಸ್8 ಒಂದೇ ಸ್ವಲ್ಪ ಅದೃಷ್ಟ ಮಾಡಿತ್ತು, 2017ರಲ್ಲಿ ನಿಲ್ಸಿದಾಗ ಜನ ಬಾಯಿ ಬಡ್ಕೊಂಡಿದ್ದಕ್ಕೆ 2018ರಲ್ಲಿ ಎರಡೂವರೆ ಗಂಟೆಯ ಒಂದು ಕೊನೆ ಎಪಿಸೋಡ್ ಮಾಡಿಕೊಟ್ರು.

ಯಾಕೆ ಹಿಂಗೆ ಮಾಡ್ತಾರೆ ಅಂದ್ರೆ ಅವರ ಲೆಕ್ಕಾನೇ ಬೇರೆ. ಹಳೇ ಟಿವಿ ಕಾಲದಲ್ಲಿ ಒಂದು ಸೀರೀಸ್ ನಾಲ್ಕೈದು ವರ್ಷ ಓಡಿದ್ರೆ ಅದನ್ನ ಬೇರೆ ಚಾನಲ್‌ಗಳಿಗೆ ಮತ್ತೆ ಮತ್ತೆ ಮಾರ್ಕೊಂಡು ದುಡ್ಡು ಮಾಡೋರು, ಹಂಗಾಗಿ ಓಡ್ಸೋಕೆ ಆಸೆ ಇರ್ತಿತ್ತು. ನೆಟ್‌ಫ್ಲಿಕ್ಸ್‌ನವರು ಸ್ಟುಡಿಯೋಗೆ ತಯಾರಿಕೆ ಖರ್ಚು ಪೂರ್ತಿ ಕೊಟ್ಟು ಅದರ ಮೇಲೆ ಲಾಭ ಅಂತ ಇಷ್ಟು ಸೇರಿಸಿ ಮೊದಲೇ ಚುಕ್ತಾ ಮಾಡಿಬಿಡ್ತಾರೆ, ಸೀಸನ್ ಮುಂದೆ ಹೋದಂಗೆ ನಟರ ಸಂಬಳ, ಬರಹಗಾರರ ಸಂಬಳ ಏರ್ತಾ ಹೋಗುತ್ತೆ, ಆದ್ರೆ ಮೂರನೇ ಸೀಸನ್ ನೋಡೋಕೆ ಅಂತಲೇ ಹೊಸದಾಗಿ ಚಂದಾ ಕಟ್ಟೋರು ಎಷ್ಟು ಜನ ಹೇಳಿ, ಹೊಸ ಶೋ ಹೊಸ ಜನ ತರುತ್ತೆ, ಹಳೇ ಶೋ ಇರೋರನ್ನ ಹಿಡಿದಿಟ್ಕೊಳ್ಳುತ್ತೆ ಅಷ್ಟೇ. ಶೋ ಶುರು ಮಾಡ್ದೋರಲ್ಲಿ ಎಷ್ಟು ಜನ ಕೊನೆವರೆಗೂ ನೋಡಿದ್ರು ಅನ್ನೋದು ಅವರಿಗೆ ಬಹಳ ಮುಖ್ಯ. ಅವರ ಸಿಇಒಗಳಲ್ಲಿ ಒಬ್ರಾದ ಟೆಡ್ ಸರಾಂಡೋಸ್ 2023ರ ಜನವರಿಯಲ್ಲಿ, ಗೆದ್ದಿರೋ ಶೋನ ನಾವು ಯಾವತ್ತೂ ನಿಲ್ಸಿಲ್ಲ ಅನ್ನೋ ಅರ್ಥದ ಮಾತು ಹೇಳಿದ್ರು. ಗೆಲುವು ಅಂದ್ರೆ ಖರ್ಚಿಗೆ ತಕ್ಕ ಜನ ಅಂತ ಅವರ ಅರ್ಥ. ಎರಡು ಕೋಟಿ ಜನ ನೋಡಿದ್ರೂ ಖರ್ಚು ಅದಕ್ಕೂ ಮೀರಿದ್ರೆ ಸೋಲೇ.

ನಮ್ಮಮ್ಮನಿಗೆ ಫೋನಲ್ಲಿ ಇದನ್ನ ಹೇಳ್ದಾಗ ಅವ್ರಿಗೆ ನಂಬೋಕೇ ಆಗ್ಲಿಲ್ಲ. ಅವ್ರು ನೋಡೋ ಸೀರಿಯಲ್ಲು ಸಾವಿರ ಎಪಿಸೋಡ್ ದಾಟಿದೆ, ಸೊಸೆ ಇನ್ನೂ ಮನೆಯಿಂದ ಹೊರಗೇ ಇದಾಳೆ. "ಎಂಟೇ ಎಪಿಸೋಡಿಗೆ ನಿಲ್ಸಿದ್ರಾ, ಪುಣ್ಯವಂತ್ರು" ಅಂದ್ರು.

ಆದ್ರೆ ನೆಟ್‌ಫ್ಲಿಕ್ಸ್‌ನಲ್ಲಿ ಒಂದು ಸಮಾಧಾನ, ನಿಲ್ಸಿದ್ದು ಬಹುಪಾಲು ಅಲ್ಲೇ ಇರುತ್ತೆ. 1899 ಇವತ್ತೂ ನೋಡಬಹುದು, ಹೊಟ್ಟೆ ಉರಿಸ್ಕೊಳ್ಳೋ ಆಸೆ ಇದ್ರೆ. ಪೂರ್ತಿ ಗ್ಯಾರಂಟಿ ಅಂತ ಮಾತ್ರ ಅನ್ಕೋಬೇಡಿ, ಡೇರ್‌ಡೆವಿಲ್ ಥರದ ಮಾರ್ವೆಲ್ ಸೀರೀಸ್‌ಗಳ ಮೇಲೆ ನೆಟ್‌ಫ್ಲಿಕ್ಸ್ ಒರಿಜಿನಲ್ ಅಂತ ದೊಡ್ಡದಾಗಿ ಬೋರ್ಡ್ ಇತ್ತು, ಹಕ್ಕು ಡಿಸ್ನಿದಾಗಿದ್ರಿಂದ 2022ರ ಮಾರ್ಚ್‌ನಲ್ಲಿ ಗಂಟುಮೂಟೆ ಕಟ್ಕೊಂಡು ಅಲ್ಲಿಗೆ ಹೋದ್ವು. 2025ರ ಮೇ ತಿಂಗಳಲ್ಲಿ ಬ್ಯಾಂಡರ್‌ಸ್ನ್ಯಾಚ್ ಸೇರಿ ನೋಡೋರೇ ದಾರಿ ಆರಿಸ್ಕೊಳ್ಳೋ ಇಂಟರಾಕ್ಟಿವ್ ಐಟಮ್‌ಗಳನ್ನೂ ತೆಗೆದ್ರು.

ಎಚ್‌ಬಿಒ ಮ್ಯಾಕ್ಸ್‌ದು ದೊಡ್ಡ ಕಥೆ. 2022ರ ಏಪ್ರಿಲ್ 8ಕ್ಕೆ ಅದರ ಒಡೆಯರಾಗಿದ್ದ ವಾರ್ನರ್‌ಮೀಡಿಯಾ ಮತ್ತೆ ಡಿಸ್ಕವರಿ ಒಂದಾದ್ವು, ಯಜಮಾನ ಡೇವಿಡ್ ಜಾಸ್ಲಾವ್, ತಲೆ ಮೇಲೆ 5,000 ಕೋಟಿ ಡಾಲರ್‌ಗೂ ಮೀರಿದ ಸಾಲ. ಸಾಲ ಅಷ್ಟಿದ್ದ ಮನೆಯಲ್ಲಿ ಏನಾಗುತ್ತೆ, ಬೀರುವಿನಲ್ಲಿರೋದೆಲ್ಲ ತೂಕಕ್ಕೆ ಬರುತ್ತೆ. ಸಿಎನ್‌ಎನ್ ಪ್ಲಸ್ ಅಂತ ಹೊಸ ಸರ್ವಿಸ್ ಮಾರ್ಚ್ 29ಕ್ಕೆ ಶುರುವಾಗಿತ್ತು, ಏಪ್ರಿಲ್ 28ಕ್ಕೆ ಬಾಗಿಲು ಹಾಕಿದ್ರು, ಒಂದು ತಿಂಗಳು. ಆಗಸ್ಟ್‌ನಲ್ಲಿ ಬ್ಯಾಟ್‌ಗರ್ಲ್ ಸಿನಿಮಾ, ಸುಮಾರು 9 ಕೋಟಿ ಡಾಲರ್ ಖರ್ಚು ಮಾಡಿ ಶೂಟಿಂಗ್ ಮುಗಿಸಿ ಎಡಿಟಿಂಗ್ ಟೇಬಲ್ ಮೇಲಿದ್ದಿದ್ದು, ಯಾರಿಗೂ ತೋರಿಸದೇನೇ ಡಬ್ಬಕ್ಕೆ ಹಾಕಿದ್ರು. ರಿಲೀಸ್ ಮಾಡಿದ್ರೆ ಪ್ರಚಾರಕ್ಕೆ ಮತ್ತೆ ದುಡ್ಡು, ಮಾಡದೇ ನಷ್ಟ ಅಂತ ಬರ್ಕೊಂಡ್ರೆ ಟ್ಯಾಕ್ಸ್‌ನಲ್ಲಿ ಉಳಿತಾಯ. ಅದೇ ತಿಂಗಳು ಆಪ್‌ನಿಂದ 36 ಟೈಟಲ್ ತೆಗೆದ್ರು, ಇನ್‌ಫಿನಿಟಿ ಟ್ರೇನ್ ಅನ್ನೋ ಒಳ್ಳೇ ಅನಿಮೇಷನ್ ಅದ್ರಲ್ಲಿತ್ತು, ಸೆಸಮೆ ಸ್ಟ್ರೀಟ್ ಅನ್ನೋ ಮಕ್ಕಳ ಕಾರ್ಯಕ್ರಮದ ಸುಮಾರು 200 ಹಳೇ ಎಪಿಸೋಡ್‌ಗಳೂ ಹೋದ್ವು. ಡಿಸೆಂಬರ್‌ನಲ್ಲಿ ವೆಸ್ಟ್‌ವರ್ಲ್ಡ್. ಯೋಚ್ನೆ ಮಾಡಿ, ಎಮ್ಮಿ ಗೆದ್ದ, ಆ ಚಾನಲ್‌ನ ಮುಖ ಅನ್ನಿಸ್ಕೊಂಡಿದ್ದ ಶೋ, ನಾಲ್ಕು ಸೀಸನ್‌ಗೆ ನಿಲ್ಸಿ ಒಂದೇ ತಿಂಗಳಲ್ಲಿ ಎತ್ತಂಗಡಿ. ಆಮೇಲೆ ಅದು ಟೂಬಿ, ರೋಕು ಥರ ಆಡ್ ಹಾಕೋ ಫ್ರೀ ಕಡೆ ಹೋಯ್ತು. ಅಂದ್ರೆ ದುಡ್ಡು ಕಟ್ಟಿದೋರಿಗೆ ಇಲ್ಲ, ಕಟ್ಟದೋರಿಗೆ ಇದೆ!

ಮಿಂಕ್ಸ್ ಅಂತ ಒಂದು ಕಾಮಿಡಿ, ಎರಡನೇ ಸೀಸನ್ ಶೂಟಿಂಗ್ ಇನ್ನೇನು ಮುಗಿಯೋದ್ರಲ್ಲಿತ್ತು, ಆಗ ಬೇಡ ಅಂದ್ರು. ಸ್ಟಾರ್ಜ್ ಅನ್ನೋ ಇನ್ನೊಂದು ಚಾನಲ್‌ನವರು ಎತ್ಕೊಂಡ್ರು, ಅವರೂ ಎರಡನೇ ಸೀಸನ್ ತೋರಿಸಿ ಕೈ ತೊಳ್ಕೊಂಡ್ರು.

ಎತ್ತಂಗಡಿಯಿಂದ ಕಂಪನಿಗೆ ಏನು ಸಿಗುತ್ತೆ ಅಂತ ಅನುಮಾನ ಬರೋದು ಸಹಜ, ಸರ್ವರ್‌ನಲ್ಲಿ ಒಂದು ಫೈಲ್ ಇಡೋಕೆ ಏನ್ ಖರ್ಚು ಅಂತ. ಫೈಲಿನ ಖರ್ಚಲ್ಲ ಅದು. ಒಂದು ಸೀರೀಸ್ ಮಾಡಿದಾಗ ಅದರ ಖರ್ಚನ್ನ ಅಕೌಂಟ್ ಪುಸ್ತಕದಲ್ಲಿ ಆಸ್ತಿ ಅಂತ ಬರ್ಕೊಂಡು ವರ್ಷಾವರ್ಷ ಸ್ವಲ್ಪ ಸ್ವಲ್ಪ ಕಳೀತಾ ಬರ್ತಾರೆ, ಶೋನ ಪೂರ್ತಿ ತೆಗೆದುಬಿಟ್ರೆ ಉಳಿದಿರೋದನ್ನ ಒಟ್ಟಿಗೆ ನಷ್ಟ ಅಂತ ತೋರಿಸಬಹುದು, ಜೊತೆಗೆ ನಟರು, ಬರಹಗಾರರಿಗೆ ಶೋ ಇರೋವರೆಗೂ ಕೊಡಬೇಕಾದ ರೆಸಿಡ್ಯುಯಲ್ ಅನ್ನೋ ದುಡ್ಡೂ ಉಳಿಯುತ್ತೆ. ಮನೇಲಿರೋ ಕಾರನ್ನ ಗುಜರಿಗೆ ಹಾಕಿದ್ರೆ ಮಾತ್ರ ಲೆಕ್ಕದಲ್ಲಿ ಕಳೀಬಹುದು ಅಂದ್ರೆ, ಓಡೋ ಕಾರನ್ನೂ ಗುಜರಿಗೆ ಹಾಕ್ತಾರೆ.

ಅದೇ ಕಂಪನಿ ಆಪ್‌ನ ಹೆಸರನ್ನ 2023ರ ಮೇನಲ್ಲಿ ಬರೀ ಮ್ಯಾಕ್ಸ್ ಅಂತ ಮಾಡಿ, 2025ರ ಜುಲೈನಲ್ಲಿ ಮತ್ತೆ ಎಚ್‌ಬಿಒ ಮ್ಯಾಕ್ಸ್ ಅಂತ ಮಾಡ್ತು. ಬೋರ್ಡ್ ಬರೆಯೋನಿಗೆ ಮಾತ್ರ ಲಾಭ.

ಹಂಗಂತ ಎಚ್‌ಬಿಒ ಬೇಡ ಅಂತ ನಾನು ಹೇಳಲ್ಲ. ಭಾನುವಾರ ರಾತ್ರಿ ಬರೋ ಅವರ ದೊಡ್ಡ ಸೀರೀಸ್‌ಗಳು ಬರಹದಲ್ಲಿ ಬೇರೆ ಎಲ್ಲರಿಗಿಂತ ಒಂದು ಕೈ ಮೇಲೆ ಅನ್ನೋದು ನನ್ನ ಅಭಿಪ್ರಾಯ, ಸೋಪ್ರಾನೋಸ್ ಥರದ ಹಳೇ ಖಜಾನೆಗೆ ಕೈ ಹಾಕಿಲ್ಲ. ತಗೊಳ್ಳಿ, ನೋಡಿ, ಬಿಡಿ. "ಮುಂದಿನ ವರ್ಷ ನಿಧಾನಕ್ಕೆ ನೋಡೋಣ" ಅಂತ ಲಿಸ್ಟ್‌ನಲ್ಲಿ ಇಟ್ಕೋಬೇಡಿ ಅಷ್ಟೇ.

ಡಿಸ್ನಿನೂ ಇದೇ ದಾರಿ ಹಿಡೀತು. ಅವರ ಹಳೇ ಸಿಇಒ ಬಾಬ್ ಐಗರ್ 2022ರ ನವೆಂಬರ್‌ನಲ್ಲಿ ವಾಪಸ್ ಬಂದು, 2023ರ ಫೆಬ್ರವರಿಯಲ್ಲಿ 7,000 ಕೆಲಸ ಕಡಿತ, 550 ಕೋಟಿ ಡಾಲರ್ ಉಳಿತಾಯ ಅಂತ ಹೇಳಿದ್ರು. ಮೇ 26ಕ್ಕೆ ಡಿಸ್ನಿ ಪ್ಲಸ್, ಅವರ ಇನ್ನೊಂದು ಸರ್ವಿಸ್ ಹುಲು ಎರಡರಿಂದಲೂ ಡಜನ್‌ಗಟ್ಟಲೆ ಟೈಟಲ್ ಮಾಯ, ಪುಸ್ತಕದಲ್ಲಿ 150 ಕೋಟಿ ಡಾಲರ್ ನಷ್ಟ. ವಿಲೋ ಸೀರೀಸ್ ಬಂದು ಆರು ತಿಂಗಳೂ ಆಗಿರ್ಲಿಲ್ಲ. ಕ್ರೇಟರ್ ಅನ್ನೋ ಮಕ್ಕಳ ಸಿನಿಮಾ ಮೇ 12ಕ್ಕೆ ಬಂತು, ಜೂನ್ 30ಕ್ಕೆ ಇಲ್ಲ, ಏಳು ವಾರ. ಆಮೇಲೆ ಅದು ಡಿಜಿಟಲ್ ಅಂಗಡಿಗಳಲ್ಲಿ ಬೇರೆ ದುಡ್ಡು ಕೊಟ್ಟು ತಗೊಳ್ಳೋ ಹಂಗೆ ಬಂತು, ಚಂದಾ ಕಟ್ಟಿದೋರಿಗೆ ಮತ್ತೆ ಬಿಲ್ಲು. ಆದ್ರೆ ಮನೇಲಿ ಎಂಟು ವರ್ಷದೊಳಗಿನ ಮಕ್ಕಳಿದ್ರೆ ಈ ಹೋಲಿಕೆ ಎಲ್ಲ ವೇಸ್ಟು, ಮಕ್ಕಳು ಒಂದೇ ಸಿನಿಮಾನ ನಲವತ್ತು ಸಲ ನೋಡ್ತಾರೆ, ಆ ಹಳೇ ಡಿಸ್ನಿ, ಪಿಕ್ಸಾರ್ ಸಿನಿಮಾಗಳನ್ನ ಅವರು ಎಲ್ಲೂ ಕಳಿಸಲ್ಲ. ವರ್ಷದ ಪ್ಲಾನ್ ಅಂತ ನಾನು ಒಪ್ಪೋದು ಇದೊಂದಕ್ಕೇನೇ, ಹತ್ತು ತಿಂಗಳ ದುಡ್ಡಿಗೆ ಹನ್ನೆರಡು ತಿಂಗಳು ಬಿದ್ದಂಗಾಗುತ್ತೆ.

ಪ್ಯಾರಾಮೌಂಟ್ ಪ್ಲಸ್‌ನಲ್ಲಿ 2023ರ ಜೂನ್‌ನಲ್ಲಿ ಸ್ಟಾರ್ ಟ್ರೆಕ್ ಪ್ರಾಡಿಜಿನ ನಿಲ್ಸಿದ್ದೂ ಆಯ್ತು, ತೆಗೆದಿದ್ದೂ ಆಯ್ತು, ಎರಡೂ ಕಾಯಿಲೆ ಒಂದೇ ಸಲ, ಅದೂ ಎರಡನೇ ಸೀಸನ್ ಕೆಲಸ ನಡೀತಿರೋವಾಗ. ಅಭಿಮಾನಿಗಳು ಹೋರಾಟ ಮಾಡಿ, ಅದರ ಬ್ಲೂರೇ ಡಿಸ್ಕ್ ತಗೊಂಡು ತೋರಿಸಿ, ಕೊನೆಗೆ ನೆಟ್‌ಫ್ಲಿಕ್ಸ್‌ನವರು ಎತ್ಕೊಂಡು 2024ರ ಜುಲೈನಲ್ಲಿ ಎರಡನೇ ಸೀಸನ್ ಬಿಟ್ರು. ಫುಟ್‌ಬಾಲ್ ಹುಚ್ಚಿಲ್ಲದಿದ್ರೆ ಪ್ಯಾರಾಮೌಂಟು, ಪೀಕಾಕ್ ಎರಡನ್ನೂ ವರ್ಷಕ್ಕೆ ಒಂದು ತಿಂಗಳು ತಗೊಂಡ್ರೆ ಧಾರಾಳ.

ಅಮೆಜಾನ್ ಪ್ರೈಮ್ ಹೆಂಗೂ ಸಾಮಾನು ತರಿಸೋಕೆ ಅಂತ ಇದ್ದೇ ಇರುತ್ತೆ, ಅದನ್ನ ಆಯ್ಕೆ ಅಂತ ಲೆಕ್ಕಕ್ಕೇ ತಗೋಬೇಡಿ. ಅವರ ವಿಶೇಷ ಏನಂದ್ರೆ ಕೊಟ್ಟ ಮಾತು ವಾಪಸ್ ತಗೊಳ್ಳೋದು, ದಿ ಪೆರಿಫೆರಲ್‌ಗೆ 2023ರ ಫೆಬ್ರವರಿಯಲ್ಲಿ ಎರಡನೇ ಸೀಸನ್ ಅಂತ ಹೇಳಿ ಆಗಸ್ಟ್‌ನಲ್ಲಿ ಇಲ್ಲ ಅಂದ್ರು. ದಿ ವೀಲ್ ಆಫ್ ಟೈಮ್‌ನ ಮೂರನೇ ಸೀಸನ್ ಎಲ್ಲರೂ ಮೆಚ್ಕೊಂಡ ಮೇಲೆ 2025ರ ಮೇನಲ್ಲಿ ನಿಲ್ಸಿದ್ರು. ಹಂಗೇ ಬೇರೆಯವರು ಬಿಟ್ಟ ದಿ ಎಕ್ಸ್‌ಪಾನ್ಸ್‌ನ 2018ರಲ್ಲಿ ಎತ್ಕೊಂಡು ಮುಂದುವರಿಸಿದ್ದೂ ಇವರೇ, ಅದನ್ನೂ ಹೇಳ್ಬೇಕು. 2024ರ ಜನವರಿಯಿಂದ ಆಡ್ ಬೇರೆ ತುರುಕಿದಾರೆ, ಬೇಡ ಅಂದ್ರೆ ತಿಂಗಳಿಗೆ 2.99 ಡಾಲರ್ ಜಾಸ್ತಿ ಅಂತ ಶುರು ಮಾಡಿದ್ದು.

ಆಪಲ್‌ನವರು ಫೋನ್ ಮಾರಿ ಬದುಕೋರು, ಟಿವಿ ಅವರಿಗೆ ಮನೆ ಮುಂದಿನ ರಂಗೋಲಿ ಇದ್ದಂಗೆ. ಅವರೂ ನಿಲ್ಲಿಸ್ತಾರೆ, 2024ರಲ್ಲಿ ಕಾನ್‌ಸ್ಟೆಲೇಷನ್, ಸನ್ನಿ, ಟೈಮ್ ಬ್ಯಾಂಡಿಟ್ಸ್ ಮೂರೂ ಒಂದೊಂದೇ ಸೀಸನ್‌ಗೆ ಹೋದ್ವು. ಆದ್ರೆ ವಾರ್ನರ್, ಡಿಸ್ನಿ ಥರ ಗುಂಪುಗುಂಪಾಗಿ ಎತ್ತಂಗಡಿ ಮಾಡೋ ಅಭ್ಯಾಸ ಅವರಿಗಿಲ್ಲ. ಇರೋದೇ ಕಮ್ಮಿ ಶೋ, ಬಹುಪಾಲು ಅವರದ್ದೇ. ಬೆಲೆ ಮಾತ್ರ 2019ರಲ್ಲಿ 4.99 ಡಾಲರ್ ಇದ್ದಿದ್ದು 2025ರ ಆಗಸ್ಟ್‌ಗೆ 12.99. ಎರಡು ತಿಂಗಳು ಕೂತ್ರೆ ನೋಡಬೇಕಾಗಿರೋದು ಮುಗಿಯುತ್ತೆ.

ಈಗ ಆ ಹುಡುಗನಿಗೆ ನಾನು ಹೇಳಿದ್ದು. ನಿನ್ನೆ ಇದ್ದ ಶೋ ಇವತ್ತು ಮಾಯ ಆಗ್ಬಾರ್ದು ಅಂದ್ರೆ ನೆಟ್‌ಫ್ಲಿಕ್ಸ್ ಇಟ್ಕೋ, ಆದ್ರೆ ಕಥೆ ಮುಗೀಬೇಕು ಅನ್ನೋ ಹಠವೂ ಇದ್ರೆ ಹೊಸ ಸೀರೀಸ್ ಶುರು ಮಾಡೋ ಮುಂಚೆ ಅದು ಒಂದೇ ಸೀಸನ್‌ಗೆ ಮುಗಿಯೋ ಲಿಮಿಟೆಡ್ ಸೀರೀಸಾ ಅಥವಾ ಕೊನೆ ಸೀಸನ್ ಆಗ್ಲೇ ಬಂದಿದ್ಯಾ ನೋಡು. ಇದ್ರಲ್ಲಿ ಒಂದು ತೊಡಕಿದೆ, ಎಲ್ಲರೂ ಮುಗಿದ್ಮೇಲೆ ನೋಡ್ತೀವಿ ಅಂತ ಕೂತ್ರೆ ಮೊದಲ ತಿಂಗಳ ಲೆಕ್ಕ ಬೀಳದೆ ಅದು ಮುಗಿಯೋದೇ ಇಲ್ಲ. ಹಂಗಾಗಿ ನಿಜವಾಗ್ಲೂ ಇಷ್ಟ ಆಗಿದ್ದನ್ನ ಬಂದ ವಾರವೇ ನೋಡಿ ಕೊನೆವರೆಗೂ ಮುಗಿಸು, ಅದೊಂದು ಥರ ಓಟು. ಮತ್ತೆ ಮತ್ತೆ ನೋಡೋ ಜಾತಿ ನಿಂದಾದ್ರೆ ಯಾವ ಸ್ಟ್ರೀಮಿಂಗೂ ನಂಬ್ಬೇಡ, ಡಿಸ್ಕ್ ತಗೋ.

ಡಿಸ್ಕ್ ಅಂದ ತಕ್ಷಣ ಎಲ್ಲರೂ ನಕ್ರು, ನಗ್ಲಿ. ಬೆಸ್ಟ್ ಬೈ ಅಂಗಡಿಯವರೂ 2024ರಲ್ಲಿ ಡಿಸ್ಕ್ ಮಾರೋದು ಬಿಟ್ರು ನಿಜ, ಸ್ಟ್ರೀಮಿಂಗ್‌ನಲ್ಲಿ ಮಾತ್ರ ಬಂದ ಎಷ್ಟೋ ಸೀರೀಸ್‌ಗೆ ಡಿಸ್ಕೇ ಇಲ್ಲ ಅನ್ನೋದೂ ನಿಜ. ಆದ್ರೆ ಕಪಾಟಿನಲ್ಲಿರೋದನ್ನ ರಾತ್ರೋರಾತ್ರಿ ಬಂದು ಯಾರೂ ಎತ್ಕೊಂಡ್ ಹೋಗಲ್ಲ. ಊರಿಗೆ ವಾಪಸ್ ಹೋಗೋ ಪ್ಲಾನ್ ಇರೋರು ಒಂದು ಗಮನದಲ್ಲಿಟ್ಕೊಳ್ಳಿ, ಡಿಸ್ಕ್‌ಗೆ ರೀಜನ್ ಅಂತ ದೇಶವಾರು ಬೀಗ ಇರುತ್ತೆ, ಇಲ್ಲಿನ ಡಿವಿಡಿ ರೀಜನ್ 1, ಇಂಡಿಯಾದ್ದು 5, ಬ್ಲೂರೇಲಿ ಇಲ್ಲಿ ಎ ಅಲ್ಲಿ ಸಿ, ಹಂಗಾಗಿ ಅಲ್ಲಿನ ಪ್ಲೇಯರ್‌ನಲ್ಲಿ ಓಡದೇ ಇರಬಹುದು. 4ಕೆ ಡಿಸ್ಕ್‌ಗೆ ರೀಜನ್ ತಂಟೆ ಇಲ್ಲ.

ಡಿಜಿಟಲ್ ಆಗಿ "ಬೈ" ಒತ್ತಿ ತಗೊಳ್ಳೋದು ಡಿಸ್ಕ್‌ಗೆ ಸಮ ಅನ್ಕೊಂಡಿದ್ರೆ ಅದು ತಪ್ಪು. ನೀವು ತಗೊಳ್ಳೋದು ನೋಡೋಕೆ ಪರ್ಮಿಷನ್ ಅಷ್ಟೇ. 2023ರ ಡಿಸೆಂಬರ್‌ನಲ್ಲಿ ಸೋನಿಯವರು ಪ್ಲೇಸ್ಟೇಷನ್‌ನಲ್ಲಿ ಜನ ದುಡ್ಡು ಕೊಟ್ಟು ತಗೊಂಡಿದ್ದ ಡಿಸ್ಕವರಿ ಶೋಗಳನ್ನೇ ತೆಗೀತೀವಿ ಅಂದ್ರು, ಗಲಾಟೆ ಆದ್ಮೇಲೆ ಹಿಂದೆ ಸರಿದ್ರು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಇದು ಬರೀ ಲೈಸೆನ್ಸ್ ಅಂತ ಗ್ರಾಹಕರಿಗೆ ಸ್ಪಷ್ಟವಾಗಿ ಹೇಳ್ಲೇಬೇಕು ಅಂತ ಕಾನೂನೇ ಇದೆ.

ಇನ್ನು ನಮ್ಮೋರು ಮರೆಯೋದು ಲೈಬ್ರರಿ. ಊರಿನ ಪಬ್ಲಿಕ್ ಲೈಬ್ರರಿ ಕಾರ್ಡ್ ಇದ್ರೆ ಡಿವಿಡಿ, ಬ್ಲೂರೇ ಫ್ರೀಯಾಗಿ ತರಬಹುದು, ಎಷ್ಟೋ ಲೈಬ್ರರಿಗಳಲ್ಲಿ ಅದೇ ಕಾರ್ಡ್‌ನಲ್ಲಿ ಸಿನಿಮಾ ನೋಡೋ ಹೂಪ್ಲಾ, ಕ್ಯಾನಪಿ ಆಪ್‌ಗಳೂ ನಡೆಯುತ್ತೆ. ನನ್ನ ಸೋದರತ್ತೆ ಬೇಸಿಗೆಗೆ ಬಂದಿದ್ದಾಗ ಮೂರು ತಿಂಗಳು ಬರೀ ಲೈಬ್ರರಿ ಡಿವಿಡಿಯಲ್ಲೇ ಕಳೆದ್ರು. ಕನ್ನಡ ಬೇಕು ಅಂದಾಗ ಮಾತ್ರ ಜೀ5 ಒಂದು ತಿಂಗಳು ತಗೊಂಡ್ವಿ.

ಕನ್ನಡ ಅಂದಾಗ ನೆನಪಾಯ್ತು, ಅರ್ಧಕ್ಕೆ ನಿಲ್ಸಿದ್ರು ಅಂತ ನಾವಿಲ್ಲಿ ಅಳ್ತಿದೀವಿ, ನಮ್ಮ ಭಾಷೆ ಸೀರೀಸ್‌ಗಳಿಗೆ ಶುರುವಾಗೋದೇ ಕಷ್ಟ. ರಕ್ಷಿತ್ ಶೆಟ್ಟಿಯವರ ತಂಡ ಕರಾವಳಿ ಕಥೆಗಳ ಏಕಂ ಅನ್ನೋ ಸೀರೀಸ್ ಇಟ್ಕೊಂಡು ಓಟಿಟಿಗಳ ಬಾಗಿಲು ತಟ್ಟಿ, ಯಾರೂ ತಗೊಳ್ಳದೇ ಇದ್ದಾಗ 2024ರ ಜುಲೈನಲ್ಲಿ ತಮ್ಮದೇ ವೆಬ್‌ಸೈಟ್‌ನಲ್ಲಿ ಬಿಟ್ರು. ಮಾಡಿದೋರ ಕೈಗೇ ನೇರವಾಗಿ ದುಡ್ಡು ಕೊಡೋದೂ ಒಂದು ಆಯ್ಕೆ ಅಂತ ಅದರಿಂದ ಗೊತ್ತಾಯ್ತು ನಂಗೆ.

ನಮ್ಮನೇಲಿ ಈಗ ನಡೀತಿರೋ ವ್ಯವಸ್ಥೆ ಇದು: ಮಕ್ಕಳಿಗೆ ಡಿಸ್ನಿ ವರ್ಷಕ್ಕೆ, ಮಿಕ್ಕಿದ್ದು ತಿಂಗಳಿಗೆ ಒಂದರಂತೆ ಸರದಿ ಮೇಲೆ. ಚಂದಾ ಕಟ್ಟಿದ ದಿನವೇ ಕ್ಯಾನ್ಸಲ್ ಬಟನ್ ಒತ್ತಿಬಿಡ್ತೀನಿ, ದುಡ್ಡು ಕಟ್ಟಿದ ತಿಂಗಳು ಮುಗಿಯೋವರೆಗೂ ಸಾಮಾನ್ಯವಾಗಿ ನೋಡೋಕೆ ಬಿಡ್ತಾರೆ, ಮರೆತು ಮುಂದಿನ ತಿಂಗಳದ್ದು ಕಟ್ ಆಗೋ ತಲೆನೋವಿಲ್ಲ. ಆಪಲ್‌ನ ಫ್ರೀ ಟ್ರಯಲ್‌ನಲ್ಲಿ ಮಾತ್ರ ಹಂಗೆ ಮಾಡ್ಬೇಡಿ, ಅಲ್ಲಿ ಟ್ರಯಲ್ ಕ್ಯಾನ್ಸಲ್ ಒತ್ತಿದ ಕ್ಷಣವೇ ಪರದೆ ಬೀಳುತ್ತೆ, ಫೋನಲ್ಲಿ ಅಲಾರಂ ಇಟ್ಕೊಂಡು ಕೊನೆ ದಿನದ ಹಿಂದಿನ ದಿನ ಒತ್ತಿ.